ಮಳೆ ಬಿಡ್ತಾ ಬಂತು, ಹಿತ್ತಿಲಲ್ಲಿ ಮೊದಲು ಎಂತ ಮಾಡುವುದು? (5 ಸೆಂಟು, ಮುರ ಮಣ್ಣು, ಬತ್ತುವ ಬಾವಿ)

ಹಿತ್ತಿಲಮನೆ (ಕಾಸರಗೋಡು ಜಿಲ್ಲೆ, ಬದಿಯಡ್ಕ ಹತ್ತಿರ)

ನಾಲ್ಕೈದು ದಿನದಿಂದ ಹಗಲಿಡೀ ಬಿಸಿಲು, ಸಂಜೆ ನಾಲ್ಕಕ್ಕೆ ಗುಡುಗು, ಮತ್ತೆ ಅರ್ಧ ಗಂಟೆ ಮಳೆ. ಈ ವರ್ಷದ್ದು ಮುಗೀತಾ ಬಂತು ಅಂತ ಕಾಣ್ತದೆ. ಹಿತ್ತಿಲಿಗೆ ಇಳಿಯೋಣ ಅಂತ ಹಾರೆ ಹಿಡಿದು ಹೊರಟವಳಿಗೆ ಎಲ್ಲಿಂದ ಶುರು ಮಾಡುವುದು ಅಂತಲೇ ಗೊತ್ತಾಗ್ತಿಲ್ಲ ಮಾರಾಯ್ರೆ.

ಬೆಂಗಳೂರಲ್ಲಿ ಹದಿನಾಲ್ಕು ವರ್ಷ ಇದ್ದು ಎರಡು ವರ್ಷದ ಹಿಂದೆ ಊರಿಗೆ ಬಂದದ್ದು ನಾವು. ನಂಗೆ ಟೆರೇಸಿನ ಚಟ್ಟಿ ಗೊತ್ತೇ ಹೊರತು ನೆಲ ಗೊತ್ತಿಲ್ಲ. ಮನೆ ಹಿಂದೆ ಐದು ಸೆಂಟು ಉಂಟು, ಪೂರಾ ಮುರ ಮಣ್ಣು (ಕೆಂಪು ಮುರಕಲ್ಲಿನದ್ದು), ಒಂದು ಮೂಲೆಯಲ್ಲಿ ಪಾದೆ, ಅಂದ್ರೆ ಬರೀ ಬಂಡೆ. ಅಂಗಳದಲ್ಲಿ ಇಪ್ಪತ್ತು ಇಪ್ಪತ್ತೈದು ಹೂವಿನ ಚಟ್ಟಿ, ಮಳೆಯಲ್ಲಿ ಮಣ್ಣೆಲ್ಲ ತೊಳೆದು ಹೋಗಿ ಬೇರು ಕಾಣ್ತದೆ.

ಹೋದ ವರ್ಷ ಯೂಟ್ಯೂಬ್ ನೋಡಿ ಡಿಸೆಂಬರ್ ಅರ್ಧಕ್ಕೆ ಕ್ಯಾಬೇಜು, ಕಾಲಿಫ್ಲವರ್, ಟೊಮೆಟೊ ಎಲ್ಲ ನೆಟ್ಟೆ. ಪೇಟೆಯ ಒಂದು ಅಂಗಡಿಯಿಂದ ತಂದ ಬೀಜ, ಹೆಸರು ಬೇಡ, ಅರ್ಧಕ್ಕರ್ಧ ಮೊಳಕೆಯೇ ಬರ್ಲಿಲ್ಲ, ಇನ್ನೊಮ್ಮೆ ತಂದು ಹಾಕುವಾಗ ಲೇಟಾದದ್ದು. ಫೆಬ್ರವರಿ ಕೊನೆಗೆ ಬಾವಿಯಲ್ಲಿ ಕೊಡಪಾನ ಮುಳುಗುವಷ್ಟೂ ನೀರಿಲ್ಲ. ಕ್ಯಾಬೇಜು ಗಡ್ಡೆ ಕಟ್ಟಲೇ ಇಲ್ಲ, ಬಸಳೆ ಎಲೆಯ ಹಾಗೆ ಬಿಡಿಸಿಕೊಂಡು ಕೂತಿತ್ತು, ಕಡೆಗೆ ದನಕ್ಕೆ ಹಾಕಿದೆ. ಟೊಮೆಟೊ ಒಂದು ದಿನ ಬೆಳಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ಬಾಡಿ ಬಿತ್ತು, ಮತ್ತೆ ಏಳಲೇ ಇಲ್ಲ. ಅತ್ತೆ ಒಂದು ಮಾತೂ ಹೇಳಲಿಲ್ಲ, ಅವರು ಬೈದಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ.

ನನ್ನ ತಮ್ಮ ಕೆನಡಾದಲ್ಲಿರುವುದು. ಅವನು ಈ ಅಕ್ಟೋಬರ್ ತಿಂಗಳಲ್ಲೇ ಡೇಲಿಯಾ ಗಡ್ಡೆ ಅಗೆದು ಪೆಟ್ಟಿಗೆಗೆ ತುಂಬಿಸ್ತಾನೆ, ಬೆಳ್ಳುಳ್ಳಿ ಊರ್ತಾನೆ, ಗುಲಾಬಿ ಬುಡಕ್ಕೆ ಎಲೆ ರಾಶಿ ಹಾಕ್ತಾನೆ, ನಳ್ಳಿಯ ಪೈಪು ಸಹ ಖಾಲಿ ಮಾಡಿ ಸುತ್ತಿಡ್ತಾನೆ. ಚಳಿಗೆ ಮೊದಲು ಮಾಡಬೇಕಾದ ಕೆಲಸದ್ದು ಒಂದು ಪಟ್ಟಿಯೇ ಉಂಟಂತೆ ಅವನ ಹತ್ರ. ನಮಗೆ ಅಂಥದ್ದೊಂದು ಇಲ್ವಾ? ಸುಣ್ಣ ಹಾಕು ಅಂತ ಒಬ್ರು, ತರಗೆಲೆ ಒಟ್ಟಿಗೆ ಮಣ್ಣು ಸುಟ್ಟು ಸುಡುಮಣ್ಣು ಮಾಡು ಅಂತ ಅತ್ತೆ, ಎರಡೂ ಬೇಡ ಅಂತ ಯೂಟ್ಯೂಬ್. ಮತ್ತೆ ಆ ಆಫ್ರಿಕನ್ ಬಸವನಹುಳು ಬೇರೆ, ಕತ್ತಲಾದ ಮೇಲೆ ಗೋಡೆ ತುಂಬ.

ಕಟ್ಟದಬದಿ (ಮುಳ್ಳೇರಿಯ)

ತಂಗಿ, ಸುಣ್ಣದ್ದು ಆಮೇಲೆ ನೋಡುವ. ಮೊದಲು ಹೇಳಿ, ಬಾವಿ ಎಷ್ಟು ಕೋಲು ಆಳ, ಈಗ ನೀರು ಎಷ್ಟುಂಟು, ಹೋದ ವರ್ಷ ಪಂಪು ಗಾಳಿ ಎಳೀಲಿಕ್ಕೆ ಶುರು ಮಾಡಿದ್ದು ಯಾವ ವಾರ. ಅದು ಗೊತ್ತಾಗದೆ ನಾನು ಎಂತ ಹೇಳಿದ್ರೂ ಬಾಯಿಮಾತು.

ನಿಮ್ಮ ತಮ್ಮನ ಊರಲ್ಲಿ ನೆಲವೇ ಹೆಪ್ಪುಗಟ್ಟುವುದು, ಅವನಿಗೆ ಚಳಿ ಶತ್ರು. ನಮಗೆ ಧನು ಮಕರದಲ್ಲಿ (ಡಿಸೆಂಬರ್, ಜನವರಿ) ಬೆಳಗಾತ ಅಂದ್ರೂ ಇಪ್ಪತ್ತು ಡಿಗ್ರಿ ಆಸುಪಾಸು, ಒಂದು ಶಾಲು ಹೊದ್ರೆ ಆಯ್ತು, ಗಿಡಕ್ಕೆ ಅದು ಸುಖವೇ. ಕಷ್ಟ ಇರುವುದು ಕುಂಭ ಮೀನದಲ್ಲಿ, ಫೆಬ್ರವರಿ ಅರ್ಧ ಕಳೆದ ಮೇಲೆ. ವರ್ಷಕ್ಕೆ 3500 ಮಿಲಿಮೀಟರ್ ಹತ್ರ ಮಳೆ ಬಿದ್ರೂ ಈ ಮುರಕಲ್ಲು ಜರಡಿ ಇದ್ದ ಹಾಗೆ, ಮೇಲಿಂದ ಹೊಯ್ದದ್ದು ಕೆಳಗಿಂದ ಹೋಗ್ತದೆ. ಹಾಗಾಗಿ ನಾನು ಹಿಂದಿನಿಂದ ಎಣಿಸುವವ. ನೀರು ಫೆಬ್ರವರಿ ಕೊನೆಗೆ ಮುಗಿಯುವುದಾದ್ರೆ ಹೆಚ್ಚು ನೀರು ಕುಡಿಯುವ ಬೆಳೆ ಜನವರಿ ಒಳಗೆ ಅಡುಗೆಮನೆಗೆ ಬಂದಿರಬೇಕು. ಕ್ಯಾಬೇಜಿನ ಸಸಿ ತಯಾರಾಗ್ಲಿಕ್ಕೆ 25–30 ದಿನ, ನೆಟ್ಟ ಮೇಲೆ ಬೇಗದ ತಳಿಗಾದ್ರೆ ಎರಡು ಎರಡೂವರೆ ತಿಂಗಳು. ಕೂಡಿಸಿ ನೋಡಿ, ಬೀಜ ಈಗಲೇ ಟ್ರೇಗೆ ಬಿದ್ದಿರಬೇಕು, ನವೆಂಬರ್ ಮೊದಲ ಎರಡು ವಾರದಲ್ಲಿ ಸಸಿ ನೆಲಕ್ಕೆ. ಡಿಸೆಂಬರ್ ಅರ್ಧಕ್ಕೆ ನೆಟ್ರೆ ಗಡ್ಡೆ ಕಟ್ಟುವ ಹೊತ್ತಿಗೆ ಸೆಕೆ ಬಂದಾಗಿರ್ತದೆ, ನೀವು ದನಕ್ಕೆ ಹಾಕಿದ್ದು ಅದನ್ನೇ. ಬೀಜದಿಂದ ಮಾಡ್ಲಿಕ್ಕೆ ಲೇಟಾಯ್ತು ಅಂತ ಕಂಡ್ರೆ ಕೃಷಿಭವನದಲ್ಲಿ ಕೇಳಿ, ಈ ಸಮಯಕ್ಕೆ ಚಳಿಗಾಲದ ತರಕಾರಿ ಸಸಿ ಬರುವುದುಂಟು.

ಇನ್ನೊಂದು ಲೆಕ್ಕ. ಐದು ಸೆಂಟು ಅಂದ್ರೆ 200 ಚದರ ಮೀಟರ್. ಪೂರ್ತಿ ತರಕಾರಿ ಮಾಡಿದ್ರೆ ಬಿಸಿಲು ಏರಿದ ಮೇಲೆ ದಿನಕ್ಕೆ 600ರಿಂದ 800 ಲೀಟರ್ ನೀರು ಬೇಕು. ನಿಮ್ಮ ಬಾವಿ ಅಷ್ಟು ಕೊಡ್ತದಾ? ಇಲ್ಲಾಂದ್ರೆ ಎರಡು ಸೆಂಟಿಗೆ ಮಾಡಿ. ಉಳಿದ ಮೂರರಲ್ಲಿ ಮರಗೆಣಸು, ಬದಿಗೆ ನುಗ್ಗೆ ಎಲ್ಲ ಇರ್ಲಿ, ಅವು ನಿಮ್ಮನ್ನು ಕಾಡುವುದಿಲ್ಲ.

ಸುಣ್ಣ ಬೇಕೇ ಬೇಕು. ಇಷ್ಟು ಮಳೆ ತೊಳೆದ ಮುರ ಮಣ್ಣು ಹುಳಿ. ಸೆಂಟಿಗೆ ಎರಡು ಕಿಲೋ ಲೆಕ್ಕದಲ್ಲಿ ಪುಡಿ ಸುಣ್ಣ ಬೀರಿ ಕೊಚ್ಚಿ ಮಗುಚಿ, ಮಣ್ಣಲ್ಲಿ ಪಸೆ ಇರುವಾಗಲೇ, ಅಂದ್ರೆ ಈ ಸ್ವಾತಿ ಮಳೆ ಮುಗಿಯುವುದರ ಒಳಗೆ. ಅದು ಕಳೆದು ಎರಡು ವಾರ ಬಿಟ್ಟೇ ಹಟ್ಟಿಗೊಬ್ಬರ. ಎರಡನ್ನೂ ಒಟ್ಟಿಗೆ ಹಾಕಿದ್ರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗ್ತದೆ, ಮೂಗಿಗೆ ಹೊಡೆಯುವ ಆ ವಾಸನೆ ನಿಮ್ಮ ದುಡ್ಡಿನದ್ದು. ಅನುಮಾನ ಇದ್ರೆ ಕಾಸರಗೋಡು ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಆವರಣದಲ್ಲೇ ಕೆವಿಕೆ, ಅಂದ್ರೆ ಕೃಷಿ ವಿಜ್ಞಾನ ಕೇಂದ್ರ ಉಂಟು, ಮಣ್ಣು ಪರೀಕ್ಷೆ ಬಗ್ಗೆ ಅಲ್ಲಿ ವಿಚಾರಿಸಿ.

ಅಬ್ಬಲಿಗೆ (ಮಂಜೇಶ್ವರ)

ಕಟ್ಟದಬದಿ ಮಾಷ್ಟ್ರು ಬಂದ ಮೇಲೆ ನಮಗೆಂತ ಕೆಲಸ ಅಂತ ಸುಮ್ಮನಿದ್ದೆ, ಆದ್ರೆ ಚಟ್ಟಿದು ಅವರು ಹೇಳ್ಲಿಲ್ಲ ನೋಡಿ :)

ಚಟ್ಟಿಯ ಹಳೆ ಮಣ್ಣು ಎಸೀಬೇಡಿ, ಒಂದು ಗೋಣಿ ಮೇಲೆ ಸುರಿದು ಮೂರ್ನಾಲ್ಕು ದಿನ ಬಿಸಿಲಿಗೆ ಹರಡಿ, ಅದರಲ್ಲಿ ಬಸವನಹುಳುವಿನ ಮೊಟ್ಟೆ ಇರ್ತದೆ, ಸಾಬಕ್ಕಿ ಹಾಗೆ ದುಂಡಗೆ ಹಳದಿ ಬಿಳಿ, ಕಂಡದ್ದನ್ನು ಜಜ್ಜಿ. ಮತ್ತೆ ಆ ಮಣ್ಣು ಒಂದು ಪಾಲು, ಹಟ್ಟಿಗೊಬ್ಬರ ಒಂದು ಪಾಲು, ತೊಳೆದ ತೆಂಗಿನ ನಾರಿನ ಪುಡಿ ಒಂದು ಪಾಲು ಬೆರೆಸಿ ತುಂಬಿಸಿ. ಗುಲಾಬಿ ಈಗ ಕತ್ತರಿಸಿ, ಒಣಗಿದ ಕಡ್ಡಿ, ಒಳಗೆ ಮುಖ ಮಾಡಿದ ಕಡ್ಡಿ ಎಲ್ಲ ತೆಗೀರಿ. ಮಲ್ಲಿಗೆಗೆ ಇನ್ನೂ ಒಂದು ತಿಂಗಳು ತಡೀರಿ, ನವೆಂಬರ್ ಕೊನೆಗೆ ಕತ್ತರಿ ಹಾಕಿ ನೀರು ಕಡಿಮೆ ಮಾಡಿ ಮತ್ತೆ ಗೊಬ್ಬರ ಕೊಟ್ರೆ ಬೇಸಿಗೆ ಮೊಗ್ಗಿಗೆ ಒಳ್ಳೆದು. ಸೇವಂತಿಗೆ ಚಟ್ಟಿಯನ್ನು ಮಾತ್ರ ರಾತ್ರಿ ಜಗಲಿ ಲೈಟಿನ ಕೆಳಗೆ ಇಡ್ಬೇಡಿ, ಅದಕ್ಕೆ ಉದ್ದ ಕತ್ತಲೆ ಸಿಕ್ಕಿದ್ರೆ ಮಾತ್ರ ಮೊಗ್ಗು, ನಾನು ಎರಡು ವರ್ಷ ಬರೀ ಎಲೆ ಸಾಕಿದ ಮೇಲೆ ಗೊತ್ತಾದದ್ದು ಇದು. ಅಬ್ಬಲಿಗೆ ಬಗ್ಗೆ ತಲೆಬಿಸಿ ಬೇಡ, ಮಳೆ ನಿಂತ್ರೆ ಅದರಷ್ಟಕ್ಕೇ ಹೂ ಬಿಡ್ತದೆ.

ಸುಡುಮಣ್ಣು ಬೇಡ ಅಂತ ಯಾರು ಹೇಳಿದ್ದು? ನಿಮ್ಮ ಅತ್ತೆ ಹೇಳಿದ್ದು ಸರಿ, ಅವರ ಕೈಯಲ್ಲೇ ಮಾಡಿಸಿ, ನೀವು ನೋಡಿ ಕಲೀರಿ. ನಮ್ಮಲ್ಲಿ ಅಡಿಗೆ ಒಣಗಿದ ಕೊತ್ತಳಿಗೆ (ತೆಂಗಿನ ಮಡಲಿನ ಬುಡ), ಅದರ ಮೇಲೆ ಪುರಲೆ (ಸಣ್ಣ ಒಣ ಕಡ್ಡಿ), ತರಗೆಲೆ, ಮತ್ತೆ ಕೆರೆದು ತಂದ ಮೇಲ್ಮಣ್ಣು, ಹೀಗೆ ಎರಡು ಮೂರು ವರಸೆ ಹಾಕಿ ಗೋಪುರದ ಹಾಗೆ ಮಾಡ್ತೇವೆ. ಗಾಳಿ ಬರುವ ಬದಿಯಲ್ಲಿ ಒಂದು ತೂತು ಬಿಟ್ಟು ಅಲ್ಲಿಂದ ಬೆಂಕಿ. ಜ್ವಾಲೆ ಏಳಬಾರದು, ಎದ್ದಲ್ಲಿಗೆ ಒಂದು ಬುಟ್ಟಿ ಮಣ್ಣು ಸುರೀಬೇಕು, ಎರಡು ಮೂರು ದಿನ ಹೊಗೆಯಾಡ್ತಾ ಒಳಗೊಳಗೇ ಬೇಯಬೇಕು. ತಣಿದ ಮೇಲೆ ಕೈಯಲ್ಲಿ ಹಿಡಿದ್ರೆ ಹುರಿದ ರಾಗಿ ಹಿಟ್ಟಿನಷ್ಟು ಹಗುರ. ಬಸಳೆ ಬುಡಕ್ಕೆ, ಮಲ್ಲಿಗೆ ಬುಡಕ್ಕೆ ಹಾಕಿ ನೋಡಿ, ಮತ್ತೆ ಮಾತಾಡುವ.

ನವಿಲು ಬರ್ತದಾ ನಿಮ್ಮಲ್ಲಿಗೆ? ಬಂದ್ರೆ ಬೀಜ ಬಿತ್ತುವ ಮೊದಲೇ ಹಳೆ ಮೀನಿನ ಬಲೆ ತಂದು ಸುತ್ತ ಕಟ್ಟಿ. ಕಡಲ ಬದಿಯಲ್ಲಿ ಕಡಿಮೆಗೆ ಸಿಗ್ತದೆ. ತಂದ ಮೇಲೆ ಎರಡು ದಿನ ಮಳೆಗೆ ಬಿಡಿ, ಇಲ್ಲಾಂದ್ರೆ ಮನೆಯವರು ನಿಮ್ಮನ್ನೇ ಹೊರಗೆ ಹಾಕ್ತಾರೆ, ಆ ನಾತ.

ತಾಳವಾಡಿ ಹೈದ

ಅಕ್ಕ ನಾನು ನಿಮ್ ಜಿಲ್ಲೆಯವನಲ್ಲ, ಈರೋಡ್ ಜಿಲ್ಲೆ ತಾಳವಾಡಿ. ಕನ್ನಡ ಒಂದೇ ನೋಡಿ, ಹವಾ ಬೇರೆ. ನಿಮ್ಗೆ ಮಳೆ ಮುಗೀತು ಅಂತೀರ, ನಮ್ಗೆ ಈಗ ಹಿಂಗಾರು ಶುರುವಾಗದೆ. ಬೆಟ್ಟದ್ ಮೇಲಿನ ಊರು, ಮಾರ್ಗಶಿರ ಪುಷ್ಯದಲ್ಲಿ ಬೆಳಿಗ್ಗೆ ಎದ್ರೆ ಅವರೆ ಗಿಡದ ಮೇಲೆ ಮಂಜು ಸುರ್ದು ನೆಂದೋಗಿರ್ತದೆ, ಆ ಮಂಜು ಬಿದ್ರೇನೇ ಅವರೆಕಾಯಿಗೆ ಸೊಗಡು ಬರೋದು ಅಂತ ನಮ್ ಅಜ್ಜಿ ಅನ್ನೋರು.

ನಾವು ಕೋಸು ಹೊಲದಲ್ಲೇ ಬೆಳೆಯೋರು, ಅದ್ಕೆ ಒಂದೇ ಮಾತು ಹೇಳ್ತೀನಿ. ಕೋಸು ನೆಡೋಕೆ ಹದಿನೈದು ದಿನ ಮುಂಚೆ ಸುತ್ತ ಒಂದು ಸಾಲು ಸಾಸಿವೆ ಚೆಲ್ಬುಡಿ. ಕೋಸಿನ ಎಲೆ ಜರಡಿ ಮಾಡ್ತದಲ್ಲ ಆ ಸಣ್ಣ ಹಸಿರು ಹುಳ, ಅದರ ಚಿಟ್ಟೆ ಕೋಸಿಗಿಂತ ಸಾಸಿವೆ ಮೇಲೇ ಮೊಟ್ಟೆ ಇಡ್ತದೆ. ಹುಳ ಕಂಡ ಸಾಸಿವೆ ಗಿಡ ಕಿತ್ತು ಕೋಳಿಗೆ ಹಾಕಿ. ನೆಟ್ಟು ಇಪ್ಪತ್ತೈದು ದಿನಕ್ಕೆ ಇನ್ನೊಂದು ಸಾಲು ಚೆಲ್ಲಿ, ಮೊದಲ್ನೇದು ಅಷ್ಟೊತ್ತಿಗೆ ಮುದಿಯಾಗಿರ್ತದೆ. ನಿಮ್ಮ ಐದು ಸೆಂಟಿಗೆ ಒಂದು ಹಿಡಿ ಸಾಸಿವೆ ಜಾಸ್ತೀನೇ ಆಯ್ತು, ಅಡುಗೆಮನೆ ಡಬ್ಬಿಯಿಂದ್ಲೇ ತಗೊಳಿ.

ಟೊಮೆಟೊ ಬಾಡ್ತು ಅಂದ್ರಲ್ಲ, ಬಾಡಿದ ಗಿಡದ ಕಾಂಡ ಬುಡದಲ್ಲಿ ಕುಯ್ದು ಗಾಜಿನ ಲೋಟದ ನೀರಲ್ಲಿ ತೂಗಾಕಿ. ಹಾಲಿನಂಗೆ ಎಳೆ ಇಳಿದ್ರೆ ಅದು ಬ್ಯಾಕ್ಟೀರಿಯಾ ಸೊರಗು, ಮಣ್ಣಲ್ಲೇ ಇರೋ ರೋಗ. ಔಷಧಿ ಹೊಡೆದು ಪ್ರಯೋಜನ ಇಲ್ಲ. ಅದೇ ಜಾಗದಲ್ಲಿ ಮತ್ತೆ ಟೊಮೆಟೊ ಬದನೆ ಮೆಣಸಿನಕಾಯಿ ಹಾಕ್ಬೇಡಿ, ಹಾಕಲೇಬೇಕು ಅಂದ್ರೆ ಅರ್ಕಾ ರಕ್ಷಕ್ ತರದ್ದು ತಗೊಳಿ, ಅದು ಆ ರೋಗಾನೂ ತಡೀತದೆ.

ನವಿಲು ಅಂತೀರ ನೀವು. ನಮ್ಗೆ ಆನೆ.

ಹಿತ್ತಿಲಮನೆ

ಅಯ್ಯೋ ಒಂದೇ ರಾತ್ರಿಗೆ ಇಷ್ಟು ಉತ್ತರ! ಮಾಷ್ಟ್ರೇ, ಬಾವಿ ಹನ್ನೊಂದು ಕೋಲು, ಈಗ ಆರು ಕೋಲು ನೀರುಂಟು ಅಂತ ನಮ್ಮವರು ಹಗ್ಗ ಇಳಿಸಿ ನೋಡಿ ಹೇಳಿದ್ರು. ಹೋದ ವರ್ಷ ಗಾಳಿ ಎಳೀಲಿಕ್ಕೆ ಶುರುವಾದದ್ದು ಶಿವರಾತ್ರಿ ವಾರ, ಮಗನಿಗೆ ಜ್ವರ ಬಂದದ್ದು ಅದೇ ವಾರ, ಹಾಗಾಗಿ ನೆನಪು. ಗುಡ್ಡೆಯಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಮಾವನ ಕಾಲದ ಸುರಂಗ ಒಂದುಂಟು, ಅದರ ನೀರು ಕುಡೀಲಿಕ್ಕೆ ಮಾತ್ರ, ಈಗ ಬೆರಳು ಗಾತ್ರ ಬರ್ತದೆ, ಬೇಸಿಗೆಗೆ ನೂಲು.

ತಾಳವಾಡಿಯವರೇ, ಟೊಮೆಟೊ ಗಿಡ ಎಲ್ಲಿ, ಅದು ಹೋಗಿ ವರ್ಷ ಆಯ್ತಲ್ಲ. ಆದ್ರೆ ಪಕ್ಕದಲ್ಲಿದ್ದ ಬದನೆ ಈಗ ಮೊನ್ನೆ ಅದೇ ತರ ಬಾಡಿದೆ, ಇವತ್ತು ಲೋಟದ ಪರೀಕ್ಷೆ ಮಾಡ್ತೇನೆ.

ಅಬ್ಬಲಿಗೆ ಅಕ್ಕ, ನಿಮ್ಮ ಪೋಸ್ಟು ಅತ್ತೆಗೆ ಓದಿ ಹೇಳಿದೆ. "ಕೊತ್ತಳಿಗೆ ಅಲ್ಲ, ಮೊದಲು ಮಡಲು" ಅಂದ್ರು. ಅಷ್ಟು ಹೇಳಿ ಎದ್ದು ಹೋಗಿ ಗುಡಿಸಲಿಕ್ಕೆ ಶುರು ಮಾಡಿದ್ದಾರೆ!

ಮೆಣಸುಬಳ್ಳಿ (ಪೆರ್ಲ)

ತರಕಾರಿದು ಎಲ್ಲ ಹೇಳಿ ಆಗಿದೆ, ನಾನು ಉಳಿದದ್ದು ಹೇಳ್ತೇನೆ. ಹಿತ್ತಿಲಲ್ಲಿ ನಾಲ್ಕು ಅಡಕೆ ಸಸಿ ಇಲ್ಲದ ಮನೆ ನಮ್ಮಲ್ಲಿ ಇಲ್ಲವಷ್ಟೆ. ಈಗಿಂದ ಸೂರ್ಯ ತೆಂಕಕ್ಕೆ ವಾಲ್ತಾನೆ, ಮಧ್ಯಾಹ್ನ ಮೇಲಿನ ಬಿಸಿಲು ನೈರುತ್ಯದಿಂದ ಓರೆಯಾಗಿ ಕಾಂಡಕ್ಕೇ ಹೊಡೀತದೆ. ಎಳೆ ಮರದ ಹಸಿರು ಕಾಂಡ ಮೊದಲು ಹಳದಿ ಚಿನ್ನದ ಬಣ್ಣಕ್ಕೆ ತಿರುಗ್ತದೆ, ಮತ್ತೆ ಕಂದು, ಮತ್ತೆ ಸೀಳು, ಕೆಲವು ವರ್ಷ ಕಳೆದು ಗಾಳಿಗೆ ಅಲ್ಲೇ ಮುರೀತದೆ. ಅಕ್ಟೋಬರ್ ನವೆಂಬರಲ್ಲೇ ಆ ಬದಿಗೆ ಸೋಗೆ ಕಟ್ಟಿ ಬಿಡಿ, ಹಾಳೆ ಆದ್ರೂ ಆಗ್ತದೆ. ಹೊಸ ಮೆಣಸು ಬಳ್ಳಿಗೂ ತೆಂಗಿನ ಮಡಲು ನೆರಳು ಕೊಡಿ, ಸಡಿಲ ಆದ ಬಳ್ಳಿ ಮರಕ್ಕೆ ಎತ್ತಿ ಕಟ್ಟಿ.

ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಇನ್ನೊಂದು ಸಲ ಹೊಡೀಲಿಕ್ಕೆ ಇದ್ರೆ ಮನೆ ಮಟ್ಟಿಗೆ 100 ಗ್ರಾಂ ಮೈಲುತುತ್ತು 5 ಲೀಟರಿಗೆ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿಗೆ, ಪ್ಲಾಸ್ಟಿಕ್ ಬಕೆಟಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಒಳ್ಳೆ ಹೊಳಪಿನ ಚಾಕು ಒಂದು ನಿಮಿಷ ಮುಳುಗಿಸಿ ತೆಗೀರಿ, ಕೆಂಪು ಪಸೆ ಹಿಡಿದ್ರೆ ಸುಣ್ಣ ಸಾಲದು. ಬೇರಿನ ರೋಗ ತಡೀಲಿಕ್ಕೆ ಟ್ರೈಕೋಡರ್ಮಾ ಹಾಕುವವರು ಇದರೊಟ್ಟಿಗೆ ಹಾಕ್ಬೇಡಿ, ಅದೂ ಶಿಲೀಂಧ್ರವೇ ಅಲ್ವಾ, ಸತ್ತು ಹೋಗ್ತದೆ.

ಬಸವನಹುಳು: ಒದ್ದೆ ಗೋಣಿಯ ಅಡಿಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಹಾಕಿ ಸಂಜೆ ಇಡಿ. ಬೆಳಗ್ಗೆ ಬಿಸಿಲು ಏರುವುದರ ಒಳಗೆ ಗೋಣಿ ಎತ್ತಿದ್ರೆ ಗುಂಪಿಗೆ ಗುಂಪು ಸಿಗ್ತದೆ. ಬರಿ ಕೈಯಲ್ಲಿ ಮುಟ್ಟಬಾರದು, ಗ್ಲೌಸ್ ಇಲ್ಲದಿದ್ರೆ ಹಾಲಿನ ಪ್ಯಾಕೆಟ್ ಕೈಗೆ ಹಾಕ್ಕೊಳ್ಳಿ, ಅದರ ಲೋಳೆಯಲ್ಲಿ ಮಿದುಳಿನ ಪೊರೆಗೆ ಉರಿಯೂತ ತರುವ ಹುಳ ಇರಬಹುದು. ಮಕ್ಕಳಿಗೂ ಹೇಳಿ. ಈಗಲೇ ಹೆಕ್ಕದಿದ್ರೆ ಮಳೆ ನಿಂತ ಮೇಲೆ ಮಣ್ಣೊಳಗೆ ಹೋಗಿ ಚಿಪ್ಪಿನ ಬಾಯಿ ಮುಚ್ಚಿ ಮಲಗ್ತದೆ, ಮುಂದಿನ ಮಳೆಗೆ ಹೊಸ ಹುರುಪಲ್ಲಿ ಏಳ್ತದೆ.

ವಿಷ ಹೊಡೆಯುವ ಮಾತು ಮಾತ್ರ ನನ್ನ ಹತ್ರ ಬೇಡ. ನಮ್ಮ ಪಂಚಾಯತು ಎಣ್ಮಕಜೆ. ಗೇರು ತೋಪಿಗೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಸುರಿದದ್ದು, ಮತ್ತೆ 2011ರಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಬಂದ್ ಮಾಡಿದ್ದು ಎಲ್ಲ ಗೊತ್ತುಂಟಲ್ಲ. ಅಲಸಂಡೆಗೆ ಇಬ್ಬನಿ ಬೀಳುವಾಗ ಕರಿ ಹೇನು ಬಂದೇ ಬರ್ತದೆ, ಗಂಜಿ ತಿಳಿ ನೀರು ಮಾಡಿ ಬೆಳಗ್ಗೆ ಎರಚಿ, ಬಿಸಿಲಿಗೆ ಒಣಗಿ ಹಾಳೆಯ ಹಾಗೆ ಎದ್ದು ಹೇನು ಸಮೇತ ಉದುರ್ತದೆ. ಅದಕ್ಕೂ ಜಗ್ಗದಿದ್ರೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸಾಬೂನು ಕದಡಿ.

ಕಟ್ಟದಬದಿ (ಮುಳ್ಳೇರಿಯ)

ಸುಡುಮಣ್ಣಿಗೆ ನಾನು ವಿರೋಧ ಅಲ್ಲ, ನನ್ನ ಅಮ್ಮನೂ ಮಾಡ್ತಿದ್ದರು. ಆದ್ರೆ ಐದು ಸೆಂಟಿಗೂ ಅದನ್ನೇ ಮಾಡ್ಲಿಕ್ಕೆ ಹೊರಟ್ರೆ ಗುಡ್ಡೆಯ ತರಗೆಲೆ ಎಲ್ಲ ಹೊಗೆಯಾಗಿ ಹೋಯ್ತು. ಸುಟ್ಟಾಗ ಕಳೆ ಬೀಜ, ಇರುವೆ, ಗೆದ್ದಲು ಸಾಯ್ತದೆ ನಿಜ, ಬೂದಿಯ ಪೊಟ್ಯಾಷ್ ಸಿಗ್ತದೆ ಅದೂ ನಿಜ, ಆದ್ರೆ ಮಣ್ಣಿನ ಸತ್ವವೂ ಸುಡ್ತದಲ್ಲ ತಂಗಿ. ಹಾಗಾಗಿ ಬಸಳೆ, ಪಡುವಲ, ಹಾಗಲದ ಗುಂಡಿಗೆ ಒಂದೊಂದು ಬುಟ್ಟಿ, ಬೀಜ ಹಾಕುವ ಪಾತಿಗೆ ಎರಡು ಬುಟ್ಟಿ, ಅಷ್ಟಕ್ಕೆ ಸಾಕು. ಅಲ್ಲಿಗೆ ಬೇರೆ ಸುಣ್ಣ ಬೇಡ. ಉಳಿದ ತರಗೆಲೆ ಸುಡದೆ ಹಾಗೇ ಸಾಲಿನ ಮೇಲೆ ನಾಲ್ಕು ಬೆರಳು ದಪ್ಪ ಹೊದೆಸಿ, ನೀರು ಅರ್ಧಕ್ಕೆ ಇಳೀತದೆ ಅಂತ ನನ್ನ ಅಂದಾಜು.

ಆರು ಕೋಲು ನೀರು ಈಗ ಕಾಣುವುದು ಹೆಚ್ಚೇನಲ್ಲ. ಶಿವರಾತ್ರಿ ಗಡುವು ಅಂತ ಇಟ್ಟುಕೊಳ್ಳಿ. ಕ್ಯಾಬೇಜು, ಕಾಲಿಫ್ಲವರ್ ಸೇರಿ 40 ಸಸಿ ಮೀರಬೇಡಿ. ಮುಳ್ಳುಸೌತೆ, ಅಲಸಂಡೆ, ಬೆಂಡೆ ಈ ವಾರವೇ ಬೀಜ ಊರಿ, ಐವತ್ತು ದಿನ ಆಗುವಾಗ ಕೊಯ್ಯಲಿಕ್ಕೆ ಸಿಗ್ತದೆ. ಹರಿವೆ ಇಡೀ ಬೇಸಿಗೆ ಸ್ವಲ್ಪಸ್ವಲ್ಪವೇ ಬಿತ್ತುತ್ತಾ ಇರಿ, ಕೆಂಪಿನ ಒಟ್ಟಿಗೆ ಹಸಿರು ಬೆರೆಸಿ ಬಿತ್ತಿದ್ರೆ ಕೆಂಪಿಗೆ ಬರುವ ಎಲೆಚುಕ್ಕೆ ಕಡಿಮೆ. ತೆಂಗಿನ ಬುಡಕ್ಕೆ ಸಿಪ್ಪೆ ಹೂಳುವುದಾದ್ರೆ ಕೆಳಗಿನ ವರಸೆ ಬಾಯಿ ಮೇಲೆ ಮಾಡಿ ನೀರು ಹಿಡಿಯುವ ಹಾಗೆ, ಕೊನೆಯ ವರಸೆ ಕವುಚಿ.

ಮತ್ತೆ ನಿಮ್ಮ ಬದಿಯಲ್ಲಿ ತೋಡು (ಸಣ್ಣ ಹಳ್ಳ) ಉಂಟಾ? ಇದ್ರೆ ನೆರೆಕರೆಯವರನ್ನು ಕರೆದು ಮಾತಾಡಿ, ಹರಿವು ನಿಲ್ಲುವ ಮೊದಲು ಒಂದು ಕಟ್ಟ, ಅಂದ್ರೆ ನೀರು ತಡೆಯುವ ಸಣ್ಣ ಒಡ್ಡು, ಹಾಕುವ ಅಂತ. ಏತಡ್ಕದಲ್ಲಿ ಸಾಲಾಗಿ ಹಾಕ್ತಾರೆ, ಹೋಗಿ ನೋಡಿ ಬನ್ನಿ, ನಿಮಗೆ ದೂರ ಇಲ್ಲ. ಒಂದು ಕಟ್ಟ ನಿಂತ್ರೆ ಮೇಲಿನ ನಾಲ್ಕು ಮನೆಯ ಬಾವಿ ಮುಖ ಬದಲಾಗ್ತದೆ. ಒಬ್ಬರೇ ಮಾಡುವ ಕೆಲಸ ಅಲ್ಲ ಅದು, ಅದೇ ಅದರ ಕಷ್ಟ. ನಮ್ಮಲ್ಲಿ ಮೂರು ವರ್ಷ ಬರೀ ಮೀಟಿಂಗೇ ನಡೆದದ್ದು, ನಾಲ್ಕನೇ ವರ್ಷ ಚಹಾದ ಒಟ್ಟಿಗೆ ಗೋಳಿಬಜೆ ಮಾಡಿಸಿದ ಮೇಲೆ ಜನ ಬಂದ್ರು.

ಅಬ್ಬಲಿಗೆ (ಮಂಜೇಶ್ವರ)

ಮಾಷ್ಟ್ರೇ, ಬುಟ್ಟಿ ಲೆಕ್ಕ ಒಪ್ಪಿದೆ. ನಮ್ಮದು ಮಲ್ಲಿಗೆ ಜಾಸ್ತಿ, ಹಾಗಾಗಿ ಹೆಚ್ಚು ಸುಡುವುದು.

ಹಿತ್ತಿಲಮನೆ

ಇವತ್ತಿನವರೆಗಿನದ್ದು ಹೇಳ್ತೇನೆ. ಎರಡು ಸೆಂಟಿಗೆ ನಾಲ್ಕು ಕಿಲೋ ಸುಣ್ಣ ಹಾಕಿ ಮಗುಚಿ ಆಯ್ತು, ಸಂಜೆಗೆ ಮಳೆಯೂ ಸರಿಯಾಗಿ ಬಂತು. ಬದನೆ ಕಾಂಡ ಲೋಟದಲ್ಲಿ ಇಳಿಬಿಟ್ಟೆ, ಐದು ನಿಮಿಷದಲ್ಲಿ ಬಿಳಿ ಎಳೆ ಇಳೀತು, ಮಗ ಮೊಬೈಲಲ್ಲಿ ವಿಡಿಯೋ ಮಾಡಿದ್ದಾನೆ. ಆ ಮೂಲೆಗೆ ಇನ್ನು ಟೊಮೆಟೊ ಇಲ್ಲ, ಅಲಸಂಡೆ. ಹೊಸ ಟೊಮೆಟೊ ಐದೇ ಐದು, ಚಟ್ಟಿಯಲ್ಲಿ. ತೋಡಿನ ವಿಷಯ ಆಚೆಮನೆಯವರಿಗೆ ಹೇಳಿದೆ, ನೋಡುವ ಅಂದ್ರು. ಗೋಳಿಬಜೆ ಮಾಡ್ಬೇಕಾದೀತು.

ಅತ್ತೆಯ ಸುಡುಮಣ್ಣು ಹೊಗೆಯಾಡ್ತಾ ಉಂಟು, ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿ ಬಂದಿದ್ದಾರೆ.

ಗೋಣಿಯ ಅಡಿಯಲ್ಲಿ ಬೆಳಗ್ಗೆ 41 ಬಸವನಹುಳು! ಬಕೆಟಲ್ಲಿ ಉಪ್ಪುನೀರು ಮಾಡಿ ಹಾಕಿಟ್ಟಿದ್ದೇನೆ. ಪೆರ್ಲದವರೇ, ಸತ್ತದ್ದನ್ನು ಎಲ್ಲಿ ಹೂಳುವುದು, ತೆಂಗಿನ ಬುಡಕ್ಕೆ ಆಗ್ತದಾ?

ಮೆಣಸುಬಳ್ಳಿ (ಪೆರ್ಲ)

ತೆಂಗಿಗೆ ಧಾರಾಳ ಆಗ್ತದೆ, ಅದಕ್ಕೆ ಉಪ್ಪಿನ ಹೆದರಿಕೆ ಇಲ್ಲ. ಒಂದೂವರೆ ಅಡಿ ಆಳಕ್ಕೆ ಹಾಕಿ ಮೇಲೆ ಸ್ವಲ್ಪ ಸುಣ್ಣ ಉದುರಿಸಿ, ಇಲ್ಲಾಂದ್ರೆ ನಾಯಿ ಎಳೆದು ಅಂಗಳಕ್ಕೆ ತರ್ತದೆ. ನಾಳೆಯೂ ಗೋಣಿ ಇಡಿ.